ನಂಬರ್ ಕ್ಲೀನ್ ಇದೆ, ಗಾಡಿ ಅದೇನಾ?

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಈಗ ಮೊದಲು ಮಾಡುವ ಕೆಲಸ ಒಂದೇ. ನಂಬರ್ ಪ್ಲೇಟ್ ನೋಡಿ ಫೋನಿನಲ್ಲಿ ಟೈಪ್ ಮಾಡುತ್ತಾರೆ. ಮಾಡೆಲ್, ಬಣ್ಣ, ನೋಂದಣಿ ದಿನಾಂಕ, ಇನ್ಶೂರೆನ್ಸ್ ಎಲ್ಲಾ ಸಾಲಾಗಿ ಬರುತ್ತದೆ. ಕಳುವಿನ ದೂರು ಇಲ್ಲ, ಸಾಲ ಇಲ್ಲ, ಹಸಿರು ಟಿಕ್. ಅಲ್ಲಿಗೆ ಮನಸ್ಸು ನಿರಾಳ. ಆಮೇಲೆ ಮಾತೆಲ್ಲಾ ರೇಟಿನ ಮೇಲೆ.

ಹೀಗೆ ನೋಡುವುದು ತಪ್ಪಲ್ಲ. ನೋಡಲೇಬೇಕು. ಆದರೆ ಆ ಟಿಕ್ ಉತ್ತರ ಕೊಡುವುದು ಬೇರೆ ಪ್ರಶ್ನೆಗೆ. ಆ ನಂಬರಿನ ಮೇಲೆ ಏನಾದರೂ ದೂರು ಇದೆಯಾ ಅಂತ ಅದು ಹೇಳುತ್ತದೆ. ನಿಮ್ಮ ಎದುರು ನಿಂತಿರುವ ಗಾಡಿ ಆ ನಂಬರಿನದ್ದೇ ಹೌದಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಚುರುಕಾದ ಮೋಸಗಾರರು ಕೆಲಸ ಮಾಡುವುದು ಈ ಎರಡು ಪ್ರಶ್ನೆಗಳ ನಡುವಿನ ಸಂದಿಯಲ್ಲೇ.

ಅವರ ದಾರಿ ಸರಳ. ಒಂದು ಗಾಡಿ ಕದಿಯುತ್ತಾರೆ. ಅದೇ ಮಾಡೆಲ್, ಅದೇ ಬಣ್ಣದ ಇನ್ನೊಂದು ಗಾಡಿ ಎಲ್ಲೋ ದೂರದ ಊರಿನಲ್ಲಿ ಕಾನೂನುಬದ್ಧವಾಗಿ ಓಡಾಡುತ್ತಿರುತ್ತದೆ. ಅದರ ನಂಬರ್ ಹುಡುಕುತ್ತಾರೆ. ಕಾರ್ಖಾನೆಯವರು ಗಾಡಿಯ ಮೇಲೆ ಹಾಕಿದ ನಂಬರನ್ನು ಮುಂದಿನ ಗಾಜಿನ ಮೂಲಕವೇ ಓದಿಕೊಳ್ಳಬಹುದು, ಇಲ್ಲವೇ ಮಾರಾಟದ ಜಾಹೀರಾತಿನ ಫೋಟೋದಿಂದಲೇ ಎತ್ತಿಕೊಳ್ಳಬಹುದು. ಆ ನಂಬರನ್ನು ಕದ್ದ ಗಾಡಿಗೆ ಅಂಟಿಸುತ್ತಾರೆ. ಇನ್ನೊಬ್ಬರ ಹಾಲ್ ಟಿಕೆಟ್ ಹಿಡಿದು ಪರೀಕ್ಷೆಗೆ ಕೂತ ಹಾಗೆ: ಟಿಕೆಟ್ ಅಸಲಿ, ನಂಬರ್ ಅಸಲಿ, ಕೂತಿರುವವನು ಮಾತ್ರ ಬೇರೆ. ಇದಕ್ಕೆ ಕ್ಲೋನಿಂಗ್ ಅನ್ನುತ್ತಾರೆ. ಆ ನಂಬರನ್ನು ಯಾವ ಆ್ಯಪ್‌ನಲ್ಲಿ ಹಾಕಿದರೂ ಕ್ಲೀನ್ ಅಂತಲೇ ಬರುತ್ತದೆ. ಯಾಕೆಂದರೆ ಅದು ನಿಜವಾಗಿಯೂ ಕ್ಲೀನ್.

ಹಾಗಾಗಿ ಗಾಡಿಯ ಗುರುತನ್ನು ಮೂರು ಕಡೆ ಕೇಳಬೇಕು. ಒಂದು ಲೋಹ, ಅಂದರೆ ಗಾಡಿಯ ಮೈ. ಇನ್ನೊಂದು ಮಾರುವವರ ಕೈಯಲ್ಲಿರುವ ಕಾಗದ. ಮೂರನೆಯದು ಸರ್ಕಾರದ ದಾಖಲೆ. ಈಗ ಎಲ್ಲರೂ ಮೂರನೆಯದನ್ನು ಮೊದಲು ನೋಡುತ್ತಾರೆ, ಎರಡನೆಯದರ ಮೇಲೆ ಕಣ್ಣಾಡಿಸುತ್ತಾರೆ, ಮೊದಲನೆಯದನ್ನು ಬಿಟ್ಟೇ ಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇದು ತಲೆಕೆಳಗು. ಶುರು ಮಾಡಬೇಕಾದದ್ದು ಲೋಹದಿಂದ.

ಹದಿನೇಳು ಅಕ್ಷರಗಳ ಒಳಗೆ

ಗಾಡಿಯ ನಿಜವಾದ ಹೆಸರು ನಂಬರ್ ಪ್ಲೇಟ್ ಅಲ್ಲ. ಪ್ಲೇಟನ್ನು ಒಂದು ಸ್ಕ್ರೂಡ್ರೈವರ್ ಇದ್ದರೆ ಐದು ನಿಮಿಷದಲ್ಲಿ ಬದಲಿಸಬಹುದು. ನಿಜವಾದ ಹೆಸರು ಚಾಸಿ ನಂಬರ್, ಅಂದರೆ ಕಾರ್ಖಾನೆಯಲ್ಲೇ ಗಾಡಿಯ ಮೈಗೆ ಹಾಕುವ ನಂಬರ್. ಜಗತ್ತಿನ ಬಹುತೇಕ ಕಡೆ ಇದು 17 ಅಕ್ಷರ ಮತ್ತು ಅಂಕಿಗಳ ಸರಣಿ. 1977ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ 3779 ಎಂಬ ಮಾನದಂಡದಲ್ಲಿ ಇದರ ರೂಪ ಹೇಳಿತು. ಅಮೆರಿಕ 1981ರ ಮಾಡೆಲ್‌ಗಳಿಂದ ಇದನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಹಳೆಯ ಕ್ಲಾಸಿಕ್ ಗಾಡಿ ಕೊಳ್ಳುವವರಿಗೆ ಅಲ್ಲಿ 17 ಅಕ್ಷರ ಕಾಣದಿದ್ದರೆ ಗಾಬರಿ ಬೇಡ.

ಈ ಸರಣಿಯಲ್ಲಿ ಐ, ಒ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಒಂದು ಮತ್ತು ಸೊನ್ನೆಯ ಜತೆ ಗೊಂದಲವಾಗುತ್ತದೆ ಅಂತ ಅವನ್ನು ಕೈಬಿಟ್ಟಿದ್ದಾರೆ. ಕಾಗದದ ಮೇಲೋ ಲೋಹದ ಮೇಲೋ ಇವು ಕಂಡರೆ, ಒಂದೋ ಟೈಪ್ ಮಾಡಿದವರು ತಪ್ಪಿದ್ದಾರೆ, ಇಲ್ಲಾ ಯಾರೋ ಅಡ್ಡದಾರಿ ಹಿಡಿದಿದ್ದಾರೆ. ಮೊದಲ ಅಕ್ಷರ ಗಾಡಿ ಜಗತ್ತಿನ ಯಾವ ಭಾಗದಲ್ಲಿ ತಯಾರಾಯಿತು ಅಂತ ಹೇಳುತ್ತದೆ. ಜೆ ಅಂದರೆ ಜಪಾನ್, ಡಬ್ಲ್ಯೂ ಅಂದರೆ ಜರ್ಮನಿ, ಎಲ್ ಅಂದರೆ ಚೀನಾ, 1, 4, 5 ಅಂದರೆ ಅಮೆರಿಕ. ಎಂ ಮತ್ತು ಎ ಜತೆಯಾಗಿ ಶುರುವಾದರೆ ಭಾರತ. ಜಪಾನಿನಲ್ಲೇ ತಯಾರಾದದ್ದು ಅಂತ ಹೇಳುವ ಗಾಡಿಯ 17 ಅಕ್ಷರದ ನಂಬರ್ ಬೇರೆ ದೇಶದ ಅಕ್ಷರದಿಂದ ಶುರುವಾದರೆ, ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು.

ಹತ್ತನೆಯ ಸ್ಥಾನ ಅನೇಕ ಕಂಪನಿಗಳಲ್ಲಿ ಮಾಡೆಲ್ ವರ್ಷ. 2001ರಿಂದ 2009ರವರೆಗೆ 1ರಿಂದ 9 ಅಂಕಿಗಳು. 2010ಕ್ಕೆ ಎ, 2020ಕ್ಕೆ ಎಲ್, 2024ಕ್ಕೆ ಆರ್, 2025ಕ್ಕೆ ಎಸ್. ಮೂವತ್ತು ವರ್ಷಕ್ಕೊಮ್ಮೆ ಇದು ಮರುಕಳಿಸುತ್ತದೆ. ಅದಕ್ಕೇ 1980ಕ್ಕೂ ಎ, 2010ಕ್ಕೂ ಎ. ಉತ್ತರ ಅಮೆರಿಕದಲ್ಲಿ ಇದು ಕಡ್ಡಾಯ. ಯುರೋಪಿನಲ್ಲಿ ಕಡ್ಡಾಯವಲ್ಲ. ಆದ್ದರಿಂದ ವರ್ಷ ಹೊಂದಲಿಲ್ಲ ಅಂದ ಮಾತ್ರಕ್ಕೆ ಮೋಸ ಅಂತ ತೀರ್ಮಾನಿಸಬೇಡಿ. ಆ ಕಂಪನಿ ಯಾವ ಪದ್ಧತಿ ಅನುಸರಿಸುತ್ತದೆ ಅಂತ ನೋಡಿ.

ಎಲ್ಲಕ್ಕಿಂತ ಮಜಾ ಇರುವುದು ಒಂಬತ್ತನೆಯ ಸ್ಥಾನದಲ್ಲಿ. ಉತ್ತರ ಅಮೆರಿಕದ ಮತ್ತು ಚೀನಾದ ಗಾಡಿಗಳಲ್ಲಿ ಇದು ತಾಳೆ ನೋಡುವ ಅಂಕಿ. ಅಕ್ಷರಗಳಿಗೆಲ್ಲಾ ಒಂದೊಂದು ಅಂಕಿ ನಿಗದಿಯಾಗಿದೆ. ಪ್ರತಿ ಸ್ಥಾನಕ್ಕೂ ಒಂದು ತೂಕ ಇದೆ: 8, 7, 6, 5, 4, 3, 2, 10, 0, 9, 8, 7, 6, 5, 4, 3, 2. ಅಂಕಿಯನ್ನು ತೂಕದಿಂದ ಗುಣಿಸಿ, ಎಲ್ಲಾ ಕೂಡಿಸಿ, 11ರಿಂದ ಭಾಗಿಸಬೇಕು. ಉಳಿಯುವ ಶೇಷವೇ ಒಂಬತ್ತನೆಯ ಅಂಕಿ. ಶೇಷ 10 ಬಂದರೆ ಎಕ್ಸ್ ಅಂತ ಬರೆಯುತ್ತಾರೆ.

ಒಂದು ಆಟ ಆಡಿ ನೋಡೋಣ. ಹದಿನೇಳೂ ಸ್ಥಾನದಲ್ಲಿ ಬರೀ 1 ಬರೆಯಿರಿ. ತೂಕಗಳನ್ನು ಕೂಡಿಸಿದರೆ 89. ಅದನ್ನು 11ರಿಂದ ಭಾಗಿಸಿದರೆ ಶೇಷ 1. ಒಂಬತ್ತನೆಯ ಸ್ಥಾನದಲ್ಲೂ 1 ಇದೆ. ಪಾಸ್! ಈಗ ಕೊನೆಯ 1 ಅನ್ನು 7 ಮಾಡಿ. ಅಲ್ಲಿನ ತೂಕ 2, ಆದ್ದರಿಂದ ಮೊತ್ತ 12 ಏರಿ 101 ಆಗುತ್ತದೆ. ಶೇಷ 2. ಫೇಲ್. ಅಂದರೆ 1 ಅನ್ನು 7 ಮಾಡುವ, 3 ಅನ್ನು 8 ಮಾಡುವ ಹಳೇ ಕಾಲದ ತಿದ್ದುಪಡಿಯನ್ನು ಈ ಲೆಕ್ಕ ತಕ್ಷಣ ಹಿಡಿಯುತ್ತದೆ.

ಆದರೆ ಮೊದಲ ಅರ್ಧವನ್ನೂ ಮರೆಯಬೇಡಿ. ಹದಿನೇಳು ಒಂದುಗಳ ಗಾಡಿ ಜಗತ್ತಿನಲ್ಲಿ ಎಲ್ಲೂ ಇಲ್ಲ, ಆದರೂ ಲೆಕ್ಕ ಅದನ್ನು ಒಪ್ಪಿಕೊಂಡಿತು. ತಾಳೆ ಅಂಕಿ ಹಿಡಿಯುವುದು ಕೈತಪ್ಪನ್ನು, ಒರಟು ತಿದ್ದುಪಡಿಯನ್ನು. ಬೇರೆ ಗಾಡಿಯ ಪೂರ್ತಿ ನಂಬರನ್ನೇ ನಕಲು ಮಾಡಿದವನ ಮುಂದೆ ಅದು ಸುಮ್ನೆ ತಲೆಯಾಡಿಸುತ್ತದೆ. ಚಾಸಿ ನಂಬರ್ ಹಾಕಿದರೆ ‘ಸರಿಯಾಗಿದೆ’ ಅಂತ ತೋರಿಸುವ ವೆಬ್‌ಸೈಟುಗಳಲ್ಲಿ ಕೆಲವು ಮಾಡುವುದು ಇಷ್ಟೇ ಲೆಕ್ಕ.

ಲೋಹ ಮುಟ್ಟಿ ನೋಡಿ

ಕಾರಿನಲ್ಲಿ ಚಾಸಿ ನಂಬರ್ ಒಂದೇ ಕಡೆ ಇರುವುದಿಲ್ಲ. ಮುಂದಿನ ಗಾಜಿನ ಕೆಳಮೂಲೆಯಲ್ಲಿ ಡ್ಯಾಶ್‌ಬೋರ್ಡಿಗೆ ರಿವೆಟ್ ಹೊಡೆದ ಸಣ್ಣ ಪಟ್ಟಿ, ಬಾಗಿಲ ಕಂಬದ ಮೇಲಿನ ಸ್ಟಿಕರ್, ಬಾನೆಟ್ ಕೆಳಗೋ ಸೀಟಿನ ಕೆಳಗೋ ಲೋಹಕ್ಕೇ ಒತ್ತಿದ ಅಚ್ಚು. ಎಲ್ಲಾ ಮಾಡೆಲ್‌ನಲ್ಲೂ ಮೂರೂ ಇರಲೇಬೇಕು ಅಂತಿಲ್ಲ. ಬೈಕಿನಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ ತಿರುಗುವ ಕೊಳವೆಯ ಮೇಲೆ. ಎಲ್ಲೆಲ್ಲಿದೆ ಅಂತ ಗಾಡಿಯ ಕೈಪಿಡಿ ಹೇಳುತ್ತದೆ. ನೋಡಲು ಹೋಗುವ ಮೊದಲೇ ಓದಿಕೊಂಡು ಹೋದರೆ ಮಾರುವವರನ್ನು ಕೇಳುವ ಗೋಜಿಲ್ಲ. ಅವರು ತೋರಿಸಿದ ಜಾಗವನ್ನಷ್ಟೇ ನೋಡಿ ಬರುವ ಅಪಾಯವೂ ಇಲ್ಲ.

ಅಚ್ಚನ್ನು ಬರೀ ಓದಬೇಡಿ. ಬೆರಳಾಡಿಸಿ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರಗಳ ಆಳ, ಅಂತರ, ಸಾಲು ಒಂದೇ ಹದದಲ್ಲಿರುತ್ತವೆ. ಕೈಯಲ್ಲಿ ಸುತ್ತಿಗೆ ಹಿಡಿದು ಒತ್ತಿದ್ದರೆ ಒಂದು ಅಕ್ಷರ ಮೇಲೆ, ಒಂದು ಕೆಳಗೆ, ಒಂದು ಜಾಸ್ತಿ ಆಳ. ಸುತ್ತಲಿನ ಬಣ್ಣ ಬೇರೆ ಕಡೆಗಿಂತ ದಪ್ಪ ಇದೆಯಾ? ಬಣ್ಣದ ಕೆಳಗೆ ಉಜ್ಜಿದ ಗೀರುಗಳಿವೆಯಾ? ನಂಬರ್ ಇರುವ ತುಂಡಿನ ಸುತ್ತ ವೆಲ್ಡಿಂಗ್ ಗೆರೆ ಚೌಕವಾಗಿ ಓಡಿದೆಯಾ? ಹಾಗಿದ್ದರೆ ಬೇರೆ ಗಾಡಿಯಿಂದ ಆ ತುಂಡನ್ನಷ್ಟೇ ಕತ್ತರಿಸಿ ತಂದು ಕೂರಿಸಿರಬಹುದು. ಆಗ ಅಚ್ಚು ಅಸಲಿಯೇ, ಕೂತಿರುವ ಜಾಗ ಮಾತ್ರ ಬೇರೆ. ಸ್ಟಿಕರ್ ಆದರೆ ಅಂಚು ನೋಡಿ. ತೆಗೆಯಲು ಹೋದರೆ ಹರಿದು ಹೋಗುವ ಹಾಗೆ ಅದನ್ನು ಮಾಡಿರುತ್ತಾರೆ. ಮೂಲೆ ಎದ್ದಿರುವ ಆದರೆ ಹರಿಯದ ಸ್ಟಿಕರ್ ಅನುಮಾನಕ್ಕೆ ಜಾಗ.

ತುಕ್ಕು ಹಿಡಿದು ನಂಬರ್ ಓದಲಾಗದ ಗಾಡಿಗಳೂ ಇರುತ್ತವೆ. ಅಪಘಾತದ ನಂತರ ಅನುಮತಿ ಪಡೆದು ಹೊಸದಾಗಿ ಅಚ್ಚು ಹಾಕಿಸಿದವೂ ಇರುತ್ತವೆ. ಇದು ಅಪರಾಧವಲ್ಲ. ಆದರೆ ಅದಕ್ಕೆ ಸರ್ಕಾರಿ ಕಾಗದ ಇರಬೇಕು. ‘ಹಾಗೇ ಆಗಿದೆ ಸಾರ್, ಹಳೇ ಗಾಡಿ ಅಲ್ವಾ’ ಅನ್ನುವ ಬಾಯಿಮಾತು ಕಾಗದ ಅಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಗಾಡಿಯ ಬಿಡಿಭಾಗಗಳು ತಮ್ಮ ಹುಟ್ಟಿದ ತಾರೀಖನ್ನು ಮೈಮೇಲೆ ಹೊತ್ತಿರುತ್ತವೆ, ಅದನ್ನು ಓದುವವರು ಕಡಿಮೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ತಳದಲ್ಲಿ ಒಂದು ಬಟ್ಟೆಯ ಚೀಟಿ, ಅದರಲ್ಲಿ ತಯಾರಾದ ತಾರೀಖೋ ವರ್ಷವೋ ಇರುತ್ತದೆ. ಕಿಟಕಿ ಗಾಜಿನ ಮೂಲೆಯ ಮುದ್ರೆಯಲ್ಲಿ ವರ್ಷ ಸೂಚಿಸುವ ಅಂಕಿ ಇರುತ್ತದೆ. ಬಾನೆಟ್ ಎತ್ತಿ ಪ್ಲಾಸ್ಟಿಕ್ ಮುಚ್ಚಳಗಳ ಒಳಮೈ ನೋಡಿ. ಗಡಿಯಾರದಂಥ ಪುಟ್ಟ ವೃತ್ತ, ಒಳಗೊಂದು ಬಾಣ, ಸುತ್ತ ಅಂಕಿಗಳು. ಅದು ಅಚ್ಚು ಹಾಕಿದ ತಿಂಗಳು ಮತ್ತು ವರ್ಷ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ: 2319 ಅಂದರೆ 2019ರ 23ನೇ ವಾರ. ಟೈರ್ ಬದಲಾಗುತ್ತಲೇ ಇರುವುದರಿಂದ ಗುರುತಿಗೆ ಅಷ್ಟು ಉಪಯೋಗವಿಲ್ಲ. ಉಳಿದವು ಹಾಗಲ್ಲ.

ಇಲ್ಲಿ ಹಿಡಿಯಬೇಕಾದ ಎಳೆ ಇದು. ಬಿಡಿಭಾಗ ಮೊದಲು ಹುಟ್ಟುತ್ತದೆ, ಗಾಡಿ ಆಮೇಲೆ. ಆದ್ದರಿಂದ ಗಾಜು, ಬೆಲ್ಟ್, ಪ್ಲಾಸ್ಟಿಕ್ ಎಲ್ಲಾ ಗಾಡಿಗಿಂತ ಸ್ವಲ್ಪ ಹಳೆಯದಾಗಿರಬೇಕು. ಒಂದು ಗಾಜು ಮಾತ್ರ ಹೊಸದಾದರೆ ಅದು ಒಡೆದು ಬದಲಾಗಿದೆ, ಅಷ್ಟೆ. ಮುಂದಿನ ಎರಡು ಬೆಲ್ಟ್ ಹೊಸದಾದರೆ ದೊಡ್ಡ ಅಪಘಾತ ಆಗಿರಬಹುದು. ಆದರೆ ಕಾಗದ 2019 ಅನ್ನುತ್ತಿದ್ದು, ಎಲ್ಲಾ ಗಾಜು, ಎಲ್ಲಾ ಬೆಲ್ಟ್, ಎಲ್ಲಾ ಮುಚ್ಚಳಗಳೂ 2021 ಅಂದರೆ? ಆ ಗಾಡಿ ತನ್ನ ಹೆಸರಿಗಿಂತ ಚಿಕ್ಕದು. ಹಳೆಯ ಗಾಡಿಯ ನಂಬರನ್ನು ಹೊಸ ಗಾಡಿ ಹೊತ್ತಿದೆ. ಚಾಸಿ ನಂಬರನ್ನು ಎಷ್ಟು ಚೆನ್ನಾಗಿ ಒತ್ತಿದ್ದರೂ ಹತ್ತಾರು ಪ್ಲಾಸ್ಟಿಕ್ ಮುಚ್ಚಳಗಳ ತಾರೀಖನ್ನು ಯಾರೂ ತಿದ್ದಲು ಕೂರುವುದಿಲ್ಲ.

ಇನ್ನೊಂದು ಸಾಕ್ಷಿ ಗಾಡಿಯ ಕಂಪ್ಯೂಟರ್. ಈಚಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಒಬಿಡಿ ಅನ್ನುವ ಸಾಕೆಟ್ ಇರುತ್ತದೆ. ಅದಕ್ಕೊಂದು ಸ್ಕ್ಯಾನರ್ ಚುಚ್ಚಿ ಚಾಸಿ ನಂಬರ್ ಕೇಳಿದರೆ ಎಂಜಿನ್ ಕಂಪ್ಯೂಟರ್ ತನ್ನೊಳಗೆ ಬರೆದಿಟ್ಟ ನಂಬರನ್ನು ಹೇಳುತ್ತದೆ. ಲೋಹದ ನಂಬರಿಗೂ ಇದಕ್ಕೂ ತಾಳೆ ಆಗಬೇಕು. ಆಗದಿದ್ದರೆ ಕಂಪ್ಯೂಟರ್ ಬದಲಾಗಿರಬಹುದು, ರಿಪೇರಿ ಬಿಲ್ ಕೇಳಿ. ಬಿಲ್ಲೂ ಇಲ್ಲ ಅಂದರೆ ಹೆಜ್ಜೆ ಹಿಂದಿಡಿ.

ಇವೆಲ್ಲಾ ಕಣ್ಣಿಗೆ ಕಾಣುವ ಗುರುತುಗಳು. ಕೆಲವು ಭಾಗಗಳಲ್ಲಿ ಸುಲಭಕ್ಕೆ ಕಾಣದ ಜಾಗದಲ್ಲೂ ನಂಬರ್ ಒತ್ತಿರುತ್ತಾರೆ. ಅದರ ಬೆಲೆ ಗೊತ್ತಾಗಿದ್ದು ಎರಡು ದೊಡ್ಡ ದುರಂತಗಳಲ್ಲಿ. 1993ರ ಫೆಬ್ರವರಿ 26ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ವ್ಯಾನ್ ಸ್ಫೋಟವಾಯಿತು. ಅವಶೇಷದ ರಾಶಿಯಲ್ಲಿ ತನಿಖೆಯವರಿಗೆ ಚಾಸಿ ನಂಬರ್ ಇದ್ದ ಒಂದು ಲೋಹದ ಚೂರು ಸಿಕ್ಕಿತು. ಅದು ಬಾಡಿಗೆ ವ್ಯಾನಿನದ್ದು, ಕಳುವಾಗಿದೆ ಅಂತ ದೂರು ದಾಖಲಾಗಿತ್ತು. ಬಾಡಿಗೆಗೆ ಪಡೆದವನು ಡಿಪಾಸಿಟ್ ವಾಪಸ್ ಕೇಳಲು ಅಂಗಡಿಗೇ ಬಂದಾಗ ಸಿಕ್ಕಿಬಿದ್ದ. 1995ರ ಒಕ್ಲಹೋಮ ಸಿಟಿ ಸ್ಫೋಟದಲ್ಲೂ ತನಿಖೆಗೆ ದಾರಿ ತೋರಿಸಿದ್ದು ಟ್ರಕ್ಕಿನ ಹಿಂದಿನ ಆಕ್ಸಲ್ ಮೇಲಿದ್ದ ನಂಬರ್. ಕಳ್ಳತನ ಜಾಸ್ತಿ ಇರುವ ಮಾಡೆಲ್‌ಗಳ ಎಂಜಿನ್, ಬಾಗಿಲು, ಬಾನೆಟ್‌ನಂಥ ದೊಡ್ಡ ಭಾಗಗಳ ಮೇಲೂ ನಂಬರ್ ಇರಬೇಕು ಅಂತ ಅಮೆರಿಕ 1984ರಲ್ಲೇ ಕಾನೂನು ಮಾಡಿತ್ತು.

ಕಾಗದದ ಮಾತು

ನೋಂದಣಿ ಪತ್ರ ಕೈಯಲ್ಲಿದ್ದರೆ ಮಾಲೀಕ ಅಂತ ನಾವು ಅಂದುಕೊಳ್ಳುತ್ತೇವೆ. ಕಾನೂನು ಎಲ್ಲಾ ಕಡೆ ಹಾಗೆ ಅನ್ನುವುದಿಲ್ಲ. ಬ್ರಿಟನ್ನಿನ ನೋಂದಣಿ ಪತ್ರದ ಮೇಲೆಯೇ, ಇದು ಮಾಲೀಕತ್ವದ ಪುರಾವೆ ಅಲ್ಲ ಅಂತ ಅಚ್ಚು ಹಾಕಿರುತ್ತಾರೆ. ಅದರಲ್ಲಿರುವುದು ಗಾಡಿ ಇಟ್ಟುಕೊಂಡವರ ಹೆಸರು. ಭಾರತದಲ್ಲಿ ಉಲ್ಟಾ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಸಾಮಾನ್ಯವಾಗಿ ಅವರೇ ಮಾಲೀಕರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ಹೆಸರು ಬದಲಾಗಿರಲಿಲ್ಲ. ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿದ್ದ ಮೊದಲ ಮಾಲೀಕರ ಮೇಲೇ ಬಿತ್ತು. ಮಾರುವವರಿಗೆ ಇದು ಎಚ್ಚರಿಕೆ. ಕೊಳ್ಳುವವರಿಗೂ ಹೌದು: ಹೆಸರು ಬದಲಾಗುವ ತನಕ ನಿಮ್ಮ ಬಳಿ ಇರುವುದು ಗಾಡಿಯ ಕೀ ಮಾತ್ರ.

ಮೋಸ ನುಸುಳುವ ದೊಡ್ಡ ಬಾಗಿಲು ಇಲ್ಲೇ ಇದೆ. ಮಾಲೀಕರು ಖಾಲಿ ವರ್ಗಾವಣೆ ಫಾರಂಗೆ ಸಹಿ ಹಾಕಿ ಮಧ್ಯವರ್ತಿಗೆ ಕೊಟ್ಟುಬಿಡುತ್ತಾರೆ. ಅವನು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಇನ್ನೊಬ್ಬರಿಗೆ ದಾಟಿಸುತ್ತಾನೆ. ಅಮೆರಿಕದಲ್ಲೂ ಇದೇ ಚಾಳಿ ಇದೆ, ಅಲ್ಲಿನ ರಾಜ್ಯಗಳಲ್ಲಿ ಕಾನೂನುಬಾಹಿರ. ದಾಖಲೆಯ ಮಟ್ಟಿಗೆ ಆ ಮಧ್ಯವರ್ತಿ ಹುಟ್ಟಿಯೇ ಇಲ್ಲ. ನಾಳೆ ತಕರಾರು ಬಂದರೆ ಹುಡುಕುವುದು ಯಾರನ್ನು? ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಹಳೆ ಗಾಡಿಯ ಡೀಲರ್‌ಗಳು ಅಧಿಕೃತ ನೋಂದಣಿ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ದಾಖಲಿಸಬೇಕು ಅನ್ನುವುದು ಇದಕ್ಕೇ. ಡೀಲರ್ ಮೂಲಕ ಕೊಳ್ಳುವವರು ಆ ನೋಂದಣಿ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕಾಗದದ ಅಸಲಿತನವನ್ನೂ ನಂಬುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಖಾಲಿ ನೋಂದಣಿ ಪತ್ರಗಳೇ ರಾಶಿರಾಶಿಯಾಗಿ ಕಳುವಾಗಿದ್ದವು. ಯಾವ ಸೀರಿಯಲ್ ನಂಬರುಗಳ ನಡುವಿನ ಪತ್ರ ಕಂಡರೆ ಹುಷಾರಾಗಬೇಕು ಅಂತ ಅಲ್ಲಿನ ಸರ್ಕಾರವೇ ಪ್ರಕಟಿಸಿದೆ. ಕಾಗದ ಅಸಲಿ, ಮುದ್ರೆ ಅಸಲಿ, ತುಂಬಿದ ವಿವರ ಮಾತ್ರ ಸುಳ್ಳು. ಹಾಗಾಗಿ ಕಾಗದವನ್ನು ಕಾಗದವಾಗಿ ಪರೀಕ್ಷಿಸುವುದಕ್ಕಿಂತ, ಅದು ಹೇಳುವುದನ್ನು ಎದುರಿಗಿರುವ ಮನುಷ್ಯನ ಜತೆ ತಾಳೆ ನೋಡುವುದು ಮೇಲು. ಗುರುತಿನ ಚೀಟಿಯ ಹೆಸರು ಪತ್ರದ ಹೆಸರು ಒಂದೇನಾ? ಪತ್ರದಲ್ಲಿರುವ ವಿಳಾಸದಲ್ಲೇ ಗಾಡಿ ನೋಡಬಹುದಾ? ‘ಬೇಡ, ಪೆಟ್ರೋಲ್ ಬಂಕ್ ಹತ್ರ ಬನ್ನಿ’ ಅಂದರೆ ಯಾಕೆ? ಗಾಡಿ ಮಾವನದು, ಗೆಳೆಯನದು, ವಿದೇಶದಲ್ಲಿರುವ ಅಣ್ಣನದು ಅನ್ನುವ ಕಥೆಗಳು ನಿಜವೂ ಆಗಿರಬಹುದು. ಆ ಅಣ್ಣನಿಗೊಂದು ವಿಡಿಯೋ ಕಾಲ್ ಮಾಡಿ, ಅವನು ಪತ್ರದಲ್ಲಿರುವವನೇನಾ ಅಂತ ಖಾತ್ರಿ ಮಾಡಿಕೊಳ್ಳಿ.

ಎಂಜಿನ್ ಬದಲಾವಣೆ, ಬಣ್ಣ ಬದಲಾವಣೆ, ಗ್ಯಾಸ್ ಕಿಟ್ ಇವೆಲ್ಲಾ ಪತ್ರದಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಕಳ್ಳ ಗಾಡಿ ಅಲ್ಲದಿದ್ದರೂ ಕಾನೂನಿನ ಕಣ್ಣಲ್ಲಿ ಸರಿಯಾದ ಗಾಡಿ ಅಲ್ಲ. ಇದನ್ನು ಸರಿಪಡಿಸಿ ಕೊಡುವುದು ಮಾರುವವರ ಕೆಲಸ, ನಿಮ್ಮದಲ್ಲ.

ಸಾಲ, ಕಳವು ಮತ್ತು ನಿಮ್ಮ ಒಳ್ಳೆಯತನ

‘ನಾನು ದುಡ್ಡು ಕೊಟ್ಟು ಕೊಂಡಿದ್ದೇನೆ, ನನಗೇನು ಗೊತ್ತಿತ್ತು’ ಅನ್ನುವ ಮಾತು ಕಳುವಿನ ಗಾಡಿಯ ವಿಷಯದಲ್ಲಿ ಬಹುತೇಕ ನಿಲ್ಲುವುದಿಲ್ಲ. ತನ್ನದಲ್ಲದ್ದನ್ನು ಮಾರಿದವನಿಂದ ಮಾಲೀಕತ್ವ ಬರುವುದಿಲ್ಲ ಅನ್ನುವುದು ಬ್ರಿಟನ್ನಿನ 1979ರ, ಭಾರತದ 1930ರ ಸರಕು ಮಾರಾಟ ಕಾಯ್ದೆಗಳಲ್ಲಿರುವ ಮೂಲ ನಿಯಮ. ಜರ್ಮನಿಯ ಕಾನೂನು ಪ್ರಾಮಾಣಿಕವಾಗಿ ಕೊಂಡವರಿಗೆ ಸಾಕಷ್ಟು ರಕ್ಷಣೆ ಕೊಡುತ್ತದೆ, ಆದರೆ ವಸ್ತು ಕಳುವಾಗಿದ್ದರೆ ಅದೂ ಕೈ ಎತ್ತುತ್ತದೆ. ಗಾಡಿ ಮೂಲ ಮಾಲೀಕರಿಗೋ, ಪರಿಹಾರ ಕೊಟ್ಟ ಇನ್ಶೂರೆನ್ಸ್ ಕಂಪನಿಗೋ ಹೋಗುತ್ತದೆ. ನಿಮ್ಮ ದುಡ್ಡನ್ನು ನೀವು ಮಾರಿದವನಿಂದ ವಸೂಲಿ ಮಾಡಬೇಕು. ಅವನು ಸಿಕ್ಕರೆ.

ಸಾಲ ಇರುವ ಗಾಡಿಯ ಕಥೆ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಬ್ಯಾಂಕಿನ ಹಕ್ಕು ನೋಂದಣಿ ಪತ್ರದಲ್ಲೇ ದಾಖಲಾಗುತ್ತದೆ. ಸಾಲ ತೀರಿಸಿದ ಮೇಲೂ ಅದನ್ನು ಅರ್ಜಿ ಕೊಟ್ಟು ತೆಗೆಸಬೇಕು. ತೀರಿದೆ ಅನ್ನುವ ಬ್ಯಾಂಕಿನ ಪತ್ರ ಇದ್ದು, ದಾಖಲೆಯಲ್ಲಿ ಇನ್ನೂ ಉಳಿದಿದ್ದರೆ, ತೆಗೆಸಿದ ಮೇಲೆ ದುಡ್ಡು ಕೊಡಿ. ಬ್ರಿಟನ್ನಿನ ಪತ್ರದಲ್ಲಿ ಸಾಲದ ಸುದ್ದಿಯೇ ಇರುವುದಿಲ್ಲ, ಬೇರೆ ಕಡೆ ವಿಚಾರಿಸಬೇಕು. ಆದರೆ ಬಾಡಿಗೆ-ಖರೀದಿ ಒಪ್ಪಂದದ (ಕಂತು ತೀರುವ ತನಕ ಸಾಲ ಕೊಟ್ಟವರದ್ದೇ ಆಗಿರುವ) ಗಾಡಿಯನ್ನು ಗೊತ್ತಿಲ್ಲದೆ ಕೊಂಡ ಖಾಸಗಿ ಗ್ರಾಹಕರಿಗೆ ಅಲ್ಲಿನ 1964ರ ಕಾಯ್ದೆ ರಕ್ಷಣೆ ಕೊಡುತ್ತದೆ. ಆಸ್ಟ್ರೇಲಿಯಾದ ವ್ಯವಸ್ಥೆ ನನಗೆ ಹೆಚ್ಚು ಅಚ್ಚುಕಟ್ಟು ಅನಿಸುತ್ತದೆ. 2012ರಿಂದ ಅಲ್ಲಿ ಇಡೀ ದೇಶಕ್ಕೆ ಒಂದೇ ಸಾಲದ ನೋಂದಣಿ ಪುಸ್ತಕ ಇದೆ. ಚಾಸಿ ನಂಬರ್ ಹಾಕಿ ಪ್ರಮಾಣಪತ್ರ ತೆಗೆದುಕೊಂಡು, ಅದೇ ದಿನ ಅಥವಾ ಮರುದಿನದೊಳಗೆ ಗಾಡಿ ಕೊಂಡರೆ, ಪತ್ರದಲ್ಲಿ ಕಾಣದ ಸಾಲಕ್ಕೆ ಗಾಡಿ ಜಪ್ತಿಯಾಗದಂತೆ ರಕ್ಷಣೆ ಸಿಗುತ್ತದೆ. ಎರಡು ವಾರ ಹಳೆಯ ಪ್ರಮಾಣಪತ್ರಕ್ಕೆ ಆ ಬಲ ಇಲ್ಲ. ಮಾರುವವರೇ ‘ನಾನಾಗಲೇ ತೆಗೆಸಿಟ್ಟಿದ್ದೇನೆ’ ಅಂತ ಕೊಡುವ ಹಳೆ ರಿಪೋರ್ಟನ್ನು ಯಾವ ದೇಶದಲ್ಲೂ ಯಾಕೆ ನಂಬಬಾರದು ಅನ್ನುವುದಕ್ಕೆ ಇದೇ ಉತ್ತರ.

ದಾಖಲೆಗೆ ಗೊತ್ತಿಲ್ಲದ್ದು

ಡೇಟಾಬೇಸ್‌ಗೆ ಗಡಿ ಇದೆ. ಅಮೆರಿಕದ ರಾಷ್ಟ್ರೀಯ ವಾಹನ ಮಾಹಿತಿ ವ್ಯವಸ್ಥೆಗೆ ಕೆನಡಾದ ಕಳವು ತಾನಾಗಿ ಗೊತ್ತಾಗುವುದಿಲ್ಲ. ದೇಶಗಳನ್ನು ಬೆಸೆಯುವುದು ಇಂಟರ್‌ಪೋಲ್‌ನ ಕಳವು ವಾಹನಗಳ ಪಟ್ಟಿ, ಆದರೆ ಅದನ್ನು ನೋಡುವುದು ಪೊಲೀಸರು, ಸಾಮಾನ್ಯರಿಗೆ ಅದು ತೆರೆದಿಲ್ಲ. ಅಲ್ಲೂ ದೇಶಗಳು ತಮ್ಮ ಮಾಹಿತಿ ಸೇರಿಸಿದರೆ ಮಾತ್ರ ಉಪಯೋಗ. ಕೆನಡಾ 2024ರ ಫೆಬ್ರವರಿಯಲ್ಲಿ ತನ್ನ ಪಟ್ಟಿಯನ್ನು ಅದಕ್ಕೆ ಜೋಡಿಸಿತು. ಕೆಲವೇ ತಿಂಗಳಲ್ಲಿ ಅಲ್ಲಿಂದ ಕಳುವಾದ 1,500ಕ್ಕೂ ಹೆಚ್ಚು ಗಾಡಿಗಳು ಜಗತ್ತಿನ ಬೇರೆ ಬೇರೆ ಕಡೆ ಪತ್ತೆಯಾದವು. ಅಂದರೆ ಅದಕ್ಕೂ ಹಿಂದೆ ಇಂಥ ಗಾಡಿಗಳ ನಂಬರನ್ನು ಬೇರೆ ದೇಶದಲ್ಲಿ ಹಾಕಿ ನೋಡಿದವರಿಗೆ ಏನೂ ಕಾಣದೆ ಹೋಗಿರಬಹುದು. ಆಮದಾದ ಗಾಡಿಯಾದರೆ ಅದು ಬಂದ ದೇಶದ ದಾಖಲೆಯನ್ನೂ ನೋಡಬೇಕು ಅನ್ನುವುದು ಅದಕ್ಕೇ.

ಡೇಟಾಬೇಸ್‌ಗೆ ತಡವೂ ಇದೆ. ರಜೆಗೆ ಹೋದವರ ಗಾಡಿ ಕಳುವಾದರೆ ಅವರು ವಾಪಸ್ ಬಂದ ಮೇಲೇ ದೂರು. ಅಷ್ಟರಲ್ಲಿ ಗಾಡಿ ಕೈ ದಾಟಿರುತ್ತದೆ.

ನೆರೆ ಮತ್ತು ಅಪಘಾತದಲ್ಲಿ ಗುಜರಿ ಅಂತ ಘೋಷಣೆಯಾದ ಗಾಡಿಗಳದ್ದು ಬೇರೆ ಆಟ. 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕದಲ್ಲಿ ನೀರಲ್ಲಿ ಮುಳುಗಿದ ಕಾರುಗಳನ್ನು ತೊಳೆದು, ನಿಯಮ ಸಡಿಲ ಇರುವ ರಾಜ್ಯದಲ್ಲಿ ಮರುನೋಂದಣಿ ಮಾಡಿಸಿ, ಕಾಗದದಿಂದ ಆ ಕಳಂಕ ಅಳಿಸಿ ಮಾರುವುದು ದೊಡ್ಡ ತಲೆನೋವಾಯಿತು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರ್‌ನಿಂದ ಇಂಥ ಗಾಡಿಗಳಿಗೆ ಎ, ಬಿ, ಎಸ್, ಎನ್ ಎಂಬ ದರ್ಜೆಗಳಿವೆ. ಎ ಮತ್ತು ಬಿ ಮತ್ತೆ ರಸ್ತೆಗೆ ಬರುವ ಹಾಗೇ ಇಲ್ಲ. ರಿಪೇರಿ ಮಾಡಿ ಓಡಿಸಬಹುದಾದ ಉಳಿದ ದರ್ಜೆಯ ಗಾಡಿಯ ಅಸಲಿ ಕಾಗದ ಮತ್ತು ಅಸಲಿ ನಂಬರ್ ಕಳ್ಳರಿಗೆ ಬಂಗಾರ. ಗುಜರಿಯ ಗುರುತನ್ನು ತೆಗೆದು ಕದ್ದ ಗಾಡಿಗೆ ತೊಡಿಸಿದರೆ ‘ರಿಪೇರಿ ಮಾಡಿದ ಗಾಡಿ’ ಅಂತ ರಾಜಾರೋಷವಾಗಿ ಮಾರಬಹುದು. ಗುಜರಿ ದಾಖಲೆ ಇದ್ದೂ ಗಾಡಿಯ ಮೈಮೇಲೆ ರಿಪೇರಿಯ ಒಂದು ಗುರುತೂ ಇಲ್ಲದಿದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಮೀಟರ್ ತಿರುಚುವುದರ ಬಗ್ಗೆ ಎಲ್ಲರಿಗೂ ಗೊತ್ತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ ಅಲ್ಲಿ ವರ್ಷಕ್ಕೆ 4.5 ಲಕ್ಷಕ್ಕೂ ಹೆಚ್ಚು ಗಾಡಿಗಳು ಸುಳ್ಳು ಕಿಲೋಮೀಟರಿನೊಂದಿಗೆ ಮಾರಾಟವಾಗುತ್ತವೆ. ಬೆಲ್ಜಿಯಂ 2006ರಲ್ಲಿ ಕಾರ್-ಪಾಸ್ ಅನ್ನುವ ವ್ಯವಸ್ಥೆ ತಂದಿತು. ಗ್ಯಾರೇಜಿಗೆ ಹೋದಾಗಲೆಲ್ಲಾ ಮೀಟರಿನ ಅಂಕಿ ದಾಖಲಾಗುತ್ತದೆ, ಮಾರುವವರು ಆ ಪಟ್ಟಿಯನ್ನು ಕೊಡಲೇಬೇಕು. ಇಂಥ ವ್ಯವಸ್ಥೆ ಇಲ್ಲದ ಕಡೆ ಸರ್ವಿಸ್ ದಾಖಲೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ. ಅಂಕಿ ಒಮ್ಮೆಯಾದರೂ ಹಿಂದೆ ಸರಿದಿದೆಯಾ? ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಮೀಟರ್ ತಿರುಚಿದ್ದಾರೆ. ಇನ್ನೊಂದು, ಒಂದೇ ನಂಬರಿನಲ್ಲಿ ಎರಡು ಗಾಡಿ ಓಡುತ್ತಿವೆ, ಎರಡರ ಅಂಕಿಯೂ ಒಂದೇ ಪಟ್ಟಿಯಲ್ಲಿ ಸೇರುತ್ತಿವೆ. ಒಂದೇ ವಾರದಲ್ಲಿ ನೂರಾರು ಕಿಲೋಮೀಟರ್ ದೂರದ ಎರಡು ಊರುಗಳಲ್ಲಿ ಸರ್ವಿಸ್, ತಪಾಸಣೆ ಅಥವಾ ದಂಡ ದಾಖಲಾಗಿದ್ದರೂ ಅಷ್ಟೇ. ಹಸಿರು ಟಿಕ್ ಕ್ಲೋನನ್ನು ಹಿಡಿಯುವುದಿಲ್ಲ ನಿಜ. ಆದರೆ ಪೂರ್ತಿ ಇತಿಹಾಸ ಓದುವ ತಾಳ್ಮೆ ಇದ್ದವರಿಗೆ ಅದೇ ದಾಖಲೆ ಕೆಲವೊಮ್ಮೆ ಹಿಡಿದುಕೊಡುತ್ತದೆ.

ಗಾಡಿಯ ಇತಿಹಾಸದ ರಿಪೋರ್ಟಿನ ಹೆಸರಲ್ಲೇ ನಡೆಯುವ ಮೋಸ ಒಂದಿದೆ, ಇದು ಮಾರುವವರನ್ನು ಗುರಿಯಾಗಿಸುತ್ತದೆ. ಗಾಡಿ ಬೇಕು ಅನ್ನುವವನೊಬ್ಬ ‘ಈ ವೆಬ್‌ಸೈಟಿನಿಂದಲೇ ರಿಪೋರ್ಟ್ ತೆಗೆಸಿಕೊಡಿ’ ಅಂತ ಹಟ ಹಿಡಿಯುತ್ತಾನೆ. ಆ ವೆಬ್‌ಸೈಟೂ ಮೋಸದ ಭಾಗವೇ: ಕಾರ್ಡ್ ವಿವರ ಕೊಟ್ಟು ದುಡ್ಡು ಕಟ್ಟಿದ ಮೇಲೆ ಅವನು ನಾಪತ್ತೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2018ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಎಲ್ಲಾ ತಾಳೆ ಆದ ಮೇಲೆ

ದುಡ್ಡನ್ನು ನಗದಾಗಿ ಕೊಡಬೇಡಿ. ನೋಂದಣಿ ಪತ್ರದಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹಾಕಿ. ಈ ಒಂದು ಷರತ್ತು ಹೇಳಿದ ಕೂಡಲೇ ‘ಬೇರೆ ಪಾರ್ಟಿ ಇದೆ’ ಅಂತ ಜಾರಿಕೊಳ್ಳುವವರು ಸಿಗುತ್ತಾರೆ. ಜಾರಿಕೊಳ್ಳಲಿ ಬಿಡಿ. ಭಾರತದಲ್ಲಿ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 50ನೇ ಕಲಂ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಬೇರೆ ದೇಶಗಳಲ್ಲಿ ದಿನಗಳ ಲೆಕ್ಕ ಬೇರೆ, ಕೆಲಸ ಅದೇ.

ಅನುಮಾನ ಬಂದರೆ ಅಲ್ಲೇ ಜಗಳಕ್ಕೆ ನಿಲ್ಲುವುದು ಬೇಡ. ಕದ್ದ ಗಾಡಿ ಮಾರುವವರು ಒಬ್ಬರೇ ಇರುವುದಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಹೊರಟು ಬನ್ನಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಫೋನ್ ನಂಬರ್, ತೆಗೆದ ಫೋಟೋಗಳನ್ನು ಪೊಲೀಸರಿಗೆ ಕೊಡಿ. ಆಗಲೇ ಕೊಂಡುಬಿಟ್ಟಿದ್ದು, ಆಮೇಲೆ ಗೊತ್ತಾದರೆ, ಗಾಡಿಯನ್ನು ಇನ್ನೊಬ್ಬರಿಗೆ ದಾಟಿಸುವ ಯೋಚನೆ ಬರುವುದು ಸಹಜ. ಗೊತ್ತಿದ್ದೂ ಮಾರಿದರೆ ಅದು ಅಪರಾಧ. ಅಲ್ಲಿಯವರೆಗೆ ನೀವು ದೂರುದಾರರು, ಅಲ್ಲಿಂದಾಚೆಗೆ ಆರೋಪಿ. ಗಾಡಿಯನ್ನು ಮುಟ್ಟದೆ ನಿಲ್ಲಿಸಿ, ದುಡ್ಡು ಕೊಟ್ಟ ದಾಖಲೆ ಮತ್ತು ಮೆಸೇಜುಗಳನ್ನೆಲ್ಲಾ ಪ್ರಿಂಟ್ ತೆಗೆದುಕೊಂಡು, ಮೊದಲು ಒಬ್ಬ ವಕೀಲರನ್ನು ಕಂಡು, ಅದೇ ದಿನ ಠಾಣೆಗೆ ಹೋಗಿ.